ಮೊಗ್ಗಿಗೆ ಹೇನು

"ಮೊಗ್ಗಿಗೆ ಹೇನು ಹತ್ತಿದೆ ಕಣೇ! ಒಂದೆರಡಲ್ಲ, ಗಿಜಿಗಿಜಿ ಅಂತಿದೆ. ಏನಾದ್ರೂ ತಗೊಂಡು ಬೇಗ ಬಾ!"

ಫೋನಿನಲ್ಲಿ ಅವಳ ಗಂಡ ಕಿರುಚಿದ್ದು ಹೊಲಿಗೆ ಅಂಗಡಿಗೆಲ್ಲ ಕೇಳಿಸಿತು. ಮೊಗ್ಗು ಎಂದರೆ ಮಗಳು. ಹುಟ್ಟಿದಾಗ ಮುಷ್ಟಿ ಬಿಗಿದುಕೊಂಡು ಅಷ್ಟೇ ಅಷ್ಟು ಇದ್ದಳೆಂದು ಅಪ್ಪ ಇಟ್ಟ ಹೆಸರು. ಒಂದನೇ ಕ್ಲಾಸಿಗೆ ಬಂದರೂ ಆ ಹೆಸರು ಹೋಗಿಲ್ಲ. ಶಾಲೆಯಲ್ಲಿ ಹೇನಿನ ಕಾಟ ಶುರುವಾಗಿದೆ ಎಂದು ಟೀಚರ್ ಮೊನ್ನೆಯೇ ಹೇಳಿದ್ದರು. ಪಕ್ಕದ ಮಿಷಿನ್ನಿನವಳು ಕುರ್ಚಿಯನ್ನು ಸದ್ದಿಲ್ಲದೆ ಆಚೆ ಎಳೆದುಕೊಂಡಳು. ಅಂಗಡಿಯ ಯಜಮಾನಿ ಆಗಲೇ ತಲೆ ಕೆರೆದುಕೊಳ್ಳುತ್ತಿದ್ದಳು.

"ನೀನು ಹೊರಡಮ್ಮ, ಆ ಕಾಲರ್ ನಾನು ಕೂರಿಸ್ತೀನಿ."

"ಅರ್ಧ ದಿನದ ಸಂಬಳ ಹಿಡೀತೀರಾ ಅಕ್ಕಾ?"

"ನಾನೇನೂ ಹಿಡಿಯಲ್ಲ. ನೀನು ಮೊದಲು ದಾರಿ ಹಿಡಿ!"

ಔಷಧಿ ಅಂಗಡಿಗೆ ನುಗ್ಗಿ ಹೇನಿನ ಮದ್ದು, ಒತ್ತು ಹಲ್ಲಿನ ಬಾಚಣಿಗೆ ಕೊಂಡು ಅವಳು ಓಡುನಡಿಗೆಯಲ್ಲಿ ಮನೆಗೆ ಬಂದಳು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ಸಂಜೆ ಹೊರಟರೆ ಇನ್ನೊಂದು ತಿಂಗಳು ಮುಖ ಕಾಣದು. ಇರುವ ಒಂದು ಮಧ್ಯಾಹ್ನವೂ ಹೇನು ಹೆಕ್ಕುವುದರಲ್ಲೇ ಹೋಯಿತಲ್ಲ ಎಂದು ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು. ಬಾಗಿಲಲ್ಲೇ ಚಪ್ಪಲಿ ಕೊಡವಿ, ಎದುರು ಬಂದ ಮಗಳ ತಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಅಯ್ಯೋ ಬಿಡಮ್ಮ! ನಂಗಲ್ಲ, ಮೊಗ್ಗಿಗೆ!"

"ನೀನೇ ತಾನೇ ಮೊಗ್ಗು?"

"ಅಲ್ಲಿರೋ ಮೊಗ್ಗಿಗೆ!"

ಕಿಟಕಿಯ ಸರಳುಗಳಿಗೆ ಮೇಣದ ಹೂವಿನ ಬಳ್ಳಿ ಸುತ್ತಿಕೊಂಡಿತ್ತು. ಮಗಳು ಹುಟ್ಟಿದ ಸುದ್ದಿ ಕೇಳಿ ಬರುವಾಗ, ಅವನು ಯಾವುದೋ ಊರಿನಿಂದ ಒಂದು ತುಂಡು ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಲಾರಿಯ ಸ್ಟೇರಿಂಗ್ ಪಕ್ಕದಲ್ಲಿಟ್ಟುಕೊಂಡು ತಂದಿದ್ದ. ಅಂದಿನಿಂದ ಬರೀ ಎಲೆ. ಪ್ರತಿ ಸಲ ಮನೆಗೆ ಬಂದಾಗಲೂ ಬ್ಯಾಗು ಇಳಿಸುವ ಮೊದಲೇ "ಹೂ ಬಿಡ್ತಾ?" ಎನ್ನುತ್ತಿದ್ದ. ಈಗ, ಮೊದಲ ಸಲ, ಪುಟ್ಟ ಕೊಡೆಯಂತೆ ಒಂದು ಗೊಂಚಲು. ಉಬ್ಬಿ ಉಬ್ಬಿ ಇಂದೋ ನಾಳೆಯೋ ಬಿರಿಯುವ ಮೊಗ್ಗುಗಳು. ಆದರೆ ತೊಟ್ಟಿನ ತುಂಬ ಹಳದಿ ಹುಳು, ಎಳ್ಳು ಮೆತ್ತಿದ ಹಾಗೆ. ಕೆಳಗಿನ ಎಲೆಗಳು ಅಂಟಂಟು, ಅದರ ಮೇಲೆ ಇರುವೆ ಸಾಲು. ಪಕ್ಕದಲ್ಲಿ ಜಿರಳೆಗೆ ಹೊಡೆಯುವ ಸ್ಪ್ರೇ ಹಿಡಿದು, ಯುದ್ಧಕ್ಕೆ ನಿಂತವನಂತೆ ಗಂಡ.

"ನರ್ಸರಿಯವನನ್ನ ಕೇಳಿದೆ, ಗಿಡಹೇನು ಅಂದ," ಎಂದ.

"ಆ 'ಗಿಡ'ನ ಎಲ್ಲಿ ನುಂಗಿದ್ರಿ? ಅಂಗಡೀಲಿ ನನ್ನ ಮಾನ ಹರಾಜಾಯ್ತು!"

"ಆಯ್ತು ಮಾರಾಯ್ತಿ, ಆ ಮದ್ದು ಕೊಡು. ಇದೂ ಹೇನೇ, ಅದೂ ಹೇನೇ."

"ಕೈ ತೆಗೀರಿ! ಎಳೇ ಮೊಗ್ಗು, ಸುಟ್ಟುಹೋಗುತ್ತೆ. ಆ ಸ್ಪ್ರೇನೂ ಕೆಳಗಿಡಿ."

"ಹಾಗಾದ್ರೆ ಬಳ್ಳಿ ಬಿಡಿಸಿ, ಕುಂಡ ಎತ್ತಿ ನಲ್ಲಿ ಕೆಳಗೆ ಹಿಡೀಲಾ?"

"ಜಾಗ ಕದಲಿಸಿದ್ರೆ ಒಂದೂ ಉಳಿಯಲ್ಲ, ಉದುರುತ್ತೆ."

"ಅಪ್ಪ ನೋಡಿಕೊಂಡೇ ಹೋಗ್ಬೇಕು," ಎಂದಳು ಮೊಗ್ಗು. "ಅಪ್ಪ ವಾಪಸ್ ಬರೋಷ್ಟರಲ್ಲಿ ಬಾಡಿಹೋಗುತ್ತೆ."

ಅಮ್ಮ ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಟ್ಟಳು. ಹೊಲಿಗೆ ಮಿಷಿನ್ನಿನ ಧೂಳು ತೆಗೆಯುವ ಪುಟ್ಟ ಬ್ರಷ್ಷು ಚೀಲದಲ್ಲೇ ಇತ್ತು. ಅದ್ದಿ, ಒಂದೊಂದೇ ತೊಟ್ಟನ್ನು ಬುಡದಿಂದ ಸವರತೊಡಗಿದಳು. ಗಂಡ ಬಟ್ಟಲು ಹಿಡಿದು ಮೊಣಕಾಲೂರಿದ. ಮೊಗ್ಗು ಕುರ್ಚಿ ಹತ್ತಿ ಮೊಬೈಲಿನ ಬೆಳಕು ಬಿಟ್ಟಳು.

"ಅಲ್ಲೊಂದು ಓಡ್ತಿದೆ!"

"ಬರ್ಲಿ, ಬರ್ಲಿ," ಎಂದು ಅವನು ಲಾರಿ ರಿವರ್ಸ್ ತೆಗೆಸುವವನ ಹಾಗೆ ಶುರುಮಾಡಿದ. "ಸ್ವಲ್ಪ ಲೆಫ್ಟು... ಇನ್ನೂ ಬರ್ಲಿ... ಹೋಲ್ಡಾನ್! ಹೊಡಿ!"

ಮೂವರೂ ನಗುತ್ತಿದ್ದರು. "ತಲೆ ಅಲ್ಲಾಡಿಸ್ಬೇಡ, ಹ್ಞೂ, ಆಯ್ತು, ಇನ್ನೊಂದೇ ಒಂದು," ಎಂದು ಅವಳು ಬಳ್ಳಿಗೆ ಹೇಳುತ್ತಿದ್ದಳು. "ತಲೆ ನೋಡೋವಾಗ ನಂಗೂ ಹೀಗೇ ಹೇಳ್ತಾಳೆ, ಒಂದೇ ಒಂದು ಅಂತ, ಮುಗಿಯೋದೇ ಇಲ್ಲ," ಎಂದು ಮೊಗ್ಗು ಅಪ್ಪನಿಗೆ ಚಾಡಿ ಚುಚ್ಚಿದಳು.

ಕೆಳಗೆ ರಸ್ತೆಯಲ್ಲಿ ಹಾರನ್ ಕೂಗಿತು. ಜೊತೆಯ ಡ್ರೈವರ್ ಲಾರಿ ತಂದಿದ್ದ. ತೊಟ್ಟುಗಳೆಲ್ಲ ಸ್ವಚ್ಛ, ಮೊಗ್ಗುಗಳು ಮಾತ್ರ ಮುಚ್ಚಿಕೊಂಡೇ ಇದ್ದವು.

"ಫೋಟೋ ಕಳ್ಸಮ್ಮ," ಎಂದು ಅವನು ಬ್ಯಾಗು ಹೆಗಲಿಗೇರಿಸಿದ.

"ಫೋಟೋದಲ್ಲಿ ವಾಸನೆ ಬರುತ್ತಾ ಅಪ್ಪ?"

ಅವನು ಅವಳ ಕೆನ್ನೆ ತಟ್ಟಿ ಮೆಟ್ಟಿಲಿಳಿದ. ಲಾರಿಯ ಬಾಗಿಲಿಗೆ ಕೈ ಹಾಕಿರಬೇಕು, ಆಗ ಮೇಲಿನ ಕಿಟಕಿಯಿಂದ ಬೀದಿಗೆ ಬೀದಿಯೇ ತಿರುಗಿ ನೋಡುವಂಥ ಕೂಗು ಬಿತ್ತು: "ಅಪ್ಪಾ! ಬಿರೀತು! ಈಗ್ಲೇ ಬಿರೀತು!"

ಬೂಟು ಕಳಚದೆ, ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. ಗೊಂಚಲಿನ ಅಂಚಿನಲ್ಲಿ ಒಂದೇ ಒಂದು ನಕ್ಷತ್ರ. ನಡುವೆ ಕೆಂಪು, ತುದಿಯಲ್ಲಿ ಜೇನಿನ ಹನಿ. ಅವನು ಬಗ್ಗಿ, ಕಣ್ಣು ಮುಚ್ಚಿ ಮೂಸಿದ. ಕೆಳಗೆ ಹಾರನ್. ಇನ್ನೇನು ನೆಟ್ಟಗಾಗಬೇಕು, ಅವನ ತಲೆಯ ಮೇಲೆ ಹೆಂಡತಿಯ ಕೈ ಬಿತ್ತು.

"ಅಲ್ಲಾಡ್ಬೇಡಿ."

"ಯಾಕೇ?"

"ಹೇನು."

ಮೊಗ್ಗು ಮತ್ತೆ ಕುರ್ಚಿ ಹತ್ತಿ, ಅಪ್ಪನ ಕೂದಲೊಳಗೆಲ್ಲ ಬೆಳಕು ಬಿಟ್ಟು ಹುಡುಕಿದಳು. "ಎಲ್ಲಿ ಅಮ್ಮಾ? ಒಂದೂ ಇಲ್ಲ!"

"ನಿಂಗೆ ಕಾಣಲ್ಲ, ಸುಮ್ನಿರು," ಎಂದು ಅವಳು ನಿಧಾನಕ್ಕೆ ಬೆರಳಾಡಿಸುತ್ತಲೇ ಇದ್ದಳು. "ಇನ್ನೊಂದೇ ಒಂದು."

ಲಾರಿ ಮತ್ತೆ ಉದ್ದಕ್ಕೆ ಕೂಗಿಕೊಂಡಿತು. ಅವನು ತಲೆ ಎತ್ತಲಿಲ್ಲ.