ಮಾದಯ್ಯ ಕೂತರೆ ನಿಲ್ಲುವ ಯಂತ್ರ

ಮೂರನೆಯ ಸಲವೂ ಉಕ್ಕಿನ ರಾಕ್ಷಸ ಮಂಡಿಯೂರಿದ ಗಳಿಗೆಯಲ್ಲೇ ಕಂಪ್ಯೂಟರ್ ಆರಿಹೋಯಿತು.

ಮಣಿಕಂಠ ತಲೆಯೆತ್ತಿ ನೋಡಿದ. ಫ್ಯಾನು ತಿರುಗುತ್ತಿತ್ತು. ಪಕ್ಕದ ಎರಡು ಕಂಪ್ಯೂಟರುಗಳು ಚೆನ್ನಾಗಿಯೇ ಇದ್ದವು. ಬಗ್ಗಿ ಮೇಜಿನ ಕೆಳಗಿನ ಸ್ವಿಚ್ಚು ನೋಡಿದ. ಹಾಕಿಯೇ ಇತ್ತು. ಸತ್ತದ್ದು ಇವನದೊಂದೇ.

ಪಕ್ಕದ ಸ್ಟೂಲಿನ ಮೇಲೆ ಮಾದಯ್ಯ ಕೂತಿದ್ದ. ತಾಳವಾಡಿ ಸುತ್ತಿನ ಹಳ್ಳಿಗಳಿಗೆಲ್ಲ ಚೇಳಿನ ಮಂತ್ರ ಹಾಕುವವನು, ತಾಯತ ಕಟ್ಟುವವನು ಅವನೇ. ಹೆಗಲ ಮೇಲೆ ಕಂಬಳಿ, ಮಂಡಿನೋವಿಗೆಂದು ಮೇಜಿನಡಿಗೆ ನೀಡಿಕೊಂಡ ಕಾಲು, ಕಾಲಿನ ಪಕ್ಕಕ್ಕೆ ಉದ್ದದ ಬಿದಿರುಕೋಲು.

"ನೀನೇ ಏಳಿದ್ದಲ್ಲ ಮಣಿ," ಎಂದ ಮಾದಯ್ಯ. "ಮಂತ್ರ ಜಾಸ್ತಿ ಇರೋನು ಪಕ್ಕದಲ್ಲಿದ್ರ ಯಂತ್ರ ಕೆಟ್ಟೋಯ್ತದ ಅಂತ."

ಮಣಿಕಂಠ ಹೇಳಿದ್ದು ನಿಜ. ಆದರೆ ಹೇಳಿದ್ದು ಆಟದ ವಿಷಯ. ಎರಡು ವರ್ಷದ ಹಿಂದೆ ಕೊಯಮತ್ತೂರಿನ ಅಂಗಡಿಯವನು ಕೀಬೋರ್ಡಿನ ಜೊತೆ ಪುಕ್ಕಟೆ ಕೊಟ್ಟ ಸೀಡಿ ಅದು. ಕೊಳ್ಳುವವರಿಲ್ಲದೆ ಧೂಳು ತಿನ್ನುತ್ತಿತ್ತಂತೆ. ಸೀಡಿಯೊಳಗೆ ಒಂದು ದೇಶ. ಅಲ್ಲಿ ಹೊಗೆಬಂಡಿಯೂ ಓಡುತ್ತದೆ, ಮಂತ್ರವಾದಿಯೂ ನಡೆಯುತ್ತಾನೆ. ಆಡುವವನು ಮೊದಲೇ ತೀರ್ಮಾನಿಸಬೇಕು, ಮಂತ್ರವೋ ಯಂತ್ರವೋ. ಮಂತ್ರ ಬಲಿತರೆ ಬಂದೂಕು ಸಿಡಿಯುವುದಿಲ್ಲ. ಯಂತ್ರ ಹೆಚ್ಚಿದರೆ ಮಂತ್ರ ನಾಲಿಗೆ ಮೇಲೇ ಒಣಗುತ್ತದೆ. ಮಣಿಕಂಠ ನಡೆಸುವ ಕಂಪ್ಯೂಟರ್ ಸೆಂಟರಿಗೆ ಬರುವ ಹುಡುಗರಿಗೆ ಕಾರಿನ ರೇಸು ಬೇಕು. ಇಂಥ ಆಟವನ್ನು ಇಡೀ ತಾಳವಾಡಿಯಲ್ಲಿ ಮೆಚ್ಚಿದವನು ಅವನೊಬ್ಬನೇ. ಐದು ತಿಂಗಳಿಂದ ತನ್ನ ನಾಯಕನಿಗೆ ಬರೀ ಮಂತ್ರವನ್ನೇ ಊಡಿ ಬೆಳೆಸಿದ್ದ.

ಆ ಐದು ತಿಂಗಳೂ ಮಾದಯ್ಯ ಮಧ್ಯಾಹ್ನ ಬಂದು ಪಕ್ಕ ಕೂರುತ್ತಿದ್ದ. ಮೌಸು ಕೊಟ್ಟರೆ ಕೈ ಹಿಂದೆಳೆಯುತ್ತಿದ್ದ. "ನಂಗ್ಯಾಕ್ಲಾ ಇಲಿ? ನಾ ಮುಟ್ಟುದ್ರ ಸುಟ್ಟೋಯ್ತದ."

ಮೊದಲ ಸಲ ಆರಿದಾಗ ಮಣಿಕಂಠ ನಕ್ಕಿದ್ದ. ಎರಡನೆಯ ಸಲ ಡಬ್ಬ ಬಿಚ್ಚಿ ಧೂಳು ಒರೆಸಿದ್ದ. ಈ ಸಲ ನಗು ಬರಲಿಲ್ಲ. ಮಾದಯ್ಯ ಬಾರದ ದಿನ ಯಂತ್ರ ಒಮ್ಮೆಯೂ ಕೆಮ್ಮಿದ್ದಿಲ್ಲ.

ಅದರ ಮೇಲೆ, ಗುರುವಾರ ಈರೋಡಿನಿಂದ ಅಧಿಕಾರಿ ಬರುವವರಿದ್ದರು. ಮೂರು ಕಂಪ್ಯೂಟರೂ ಸರಿಯಾಗಿ ನಡೆದರೆ ಸೆಂಟರಿಗೆ ಸರ್ಕಾರದ ಮಾನ್ಯತೆ. ಇಲ್ಲದಿದ್ದರೆ ಬಾಗಿಲು ಮುಚ್ಚಿ ಅಣ್ಣನ ಲಾರಿಗೆ ಕೋಸು ತುಂಬುವುದು. ಅಣ್ಣ ಆಗಲೇ ಒಂದು ಜೊತೆ ಗೋಣಿ ಕೊಕ್ಕೆ ತೆಗೆದಿಟ್ಟಿದ್ದ.

ಬುಧವಾರ ಬೆಳಿಗ್ಗೆ ಮಣಿಕಂಠ ಮಾನಿಟರಿಗೆ ನಿಂಬೆಹಣ್ಣು ಕಟ್ಟಿದ. ಹೆಂಡತಿ ಪ್ರಮೀಳಾ ಬಾಗಿಲಲ್ಲೇ ನಿಂತು ನೋಡಿದಳು.

"ಕಂಪ್ಯೂಟರ್ ಓದ್ಕ ಬಂದು ಅದ್ಕ ನಿಂಬೆಅಣ್ಣು ಕಟ್ಟೀರಲ್ಲ, ಅದೂ ಓದಿದ್ರಾ ಅಲ್ಲಿ?"

ನಿಂಬೆಹಣ್ಣು ಬಿಚ್ಚಿದ. ನೇರ ಮಾದಯ್ಯನ ಮನೆಗೆ ನಡೆದ.

"ಮಾವ, ನಾಳ ಒಂದಿನ ಸೆಂಟರ್ ಕಡ ಬರ್ಬೇಡಿ."

"ಬರಕಿಲ್ಲ ಬುಡು," ಎಂದ ಮಾದಯ್ಯ, ಬೇರು ಕುಟ್ಟುತ್ತ. "ನಾ ಬರ್ದಿದ್ರ ಆಯ್ತಾ? ಐದ್ ತಿಂಗ್ಳು ಮಂತ್ರ ತುಂಬೀವಿ ಅದ್ರೊಳಕ್ಕ, ನೀನು ಅಲ್ಲಿಂದ, ನಾನು ಇಲ್ಲಿಂದ. ಅದೆಲ್ಲೋದದು?"

ಮಣಿಕಂಠ ಜೇಬಿನಿಂದ ಸೀಡಿ ತೆಗೆದು ನೀಡಿದ. "ಹಂಗಾದ್ರ ಇದ್ನ ನೀವೇ ಇಟ್ಕಳಿ."

"ನಂಗ್ಯಾಕ್ಲಾ ಆ ತಟ್ಟ?"

"ಕಟ್ಟಾಕಿ ಮಾವ. ಇಲ್ಲ ಒಳೆ ನೀರ್ಗಾರ ಬುಡಿ."

ಮಾದಯ್ಯ ಎರಡು ಸಲ ಬೇಡವೆಂದ. ಮೂರನೆಯ ಸಲಕ್ಕೆ ನಿಟ್ಟುಸಿರಿಟ್ಟು, ಬೇವಿನ ಸೊಪ್ಪಿನ ನಡುವೆ ಸೀಡಿಯನ್ನು ಇಸಿದುಕೊಂಡು ಕಂಬಳಿಯೊಳಗೆ ಸೇರಿಸಿದ. ಅಷ್ಟು ಹುಷಾರಾಗಿ ಅವನು ಹಾವನ್ನೂ ಹಿಡಿದದ್ದನ್ನು ಮಣಿಕಂಠ ನೋಡಿರಲಿಲ್ಲ.

ಗುರುವಾರ ಮೂರು ಕಂಪ್ಯೂಟರೂ ಸಂಜೆಯವರೆಗೆ ಗುಂಯ್ ಎನ್ನುತ್ತ ನಡೆದವು. ಅಧಿಕಾರಿ ಎರಡು ಲೋಟ ಕಾಫಿ ಕುಡಿದು ರುಜು ಹಾಕಿ ಹೋದರು. ಮಣಿಕಂಠ ಮಾದಯ್ಯನ ಮನೆಗೆ ತೆಂಗಿನಕಾಯಿ, ಬಾಳೆಹಣ್ಣು ಕಳಿಸಿದ. ಊರಲ್ಲಿ ಮಾದಯ್ಯನ ಹೆಸರು ಇನ್ನೊಂದು ಗೇಣು ಎತ್ತರವಾಯಿತು. ಅವನು ಮಾತ್ರ ಸೆಂಟರಿನ ಕಡೆ ಮತ್ತೆ ತಲೆಹಾಕಲಿಲ್ಲ. ಬೇರು ತರಲು ಚಾಮರಾಜನಗರಕ್ಕೆ ಹೋಗುವುದು ಜಾಸ್ತಿಯಾಗಿದೆ ಎಂದು ಬಸ್ಸಿನವರು ಹೇಳಿದರು.

ತಿಂಗಳಾದ ಮೇಲೆ ಪ್ರಿಂಟರಿನ ರಿಬ್ಬನ್ನಿಗೆಂದು ಮಣಿಕಂಠನೂ ಚಾಮರಾಜನಗರಕ್ಕೆ ಹೋದ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗಂಟೆಗಿಷ್ಟೆಂದು ಆಡಲು ಬಿಡುವ ಒಂದು ಕಂಪ್ಯೂಟರ್ ಅಂಗಡಿ. ಒಳಗೆ ಮೂಲೆಯ ಕುರ್ಚಿಯಲ್ಲಿ ಒಂದು ಕಂಬಳಿ.

ಪಕ್ಕದ ಕುರ್ಚಿಯವನು ಕಾರಿನ ರೇಸು ಹಚ್ಚಿಕೊಂಡು ಕೂಗಾಡುತ್ತಿದ್ದ. ಕಂಬಳಿಯವನು ತಿರುಗಿ ನೋಡಲಿಲ್ಲ. ಮೇಜಿನಡಿಯಲ್ಲಿ ಬಿದಿರುಕೋಲು ಮೆಲ್ಲಗೆ ಮುಂದೆ ಸರಿಯಿತು. ಟಕ್ ಎಂದು ಸ್ವಿಚ್ಚು ಆರಿಸಿತು, ಟಕ್ ಎಂದು ಮತ್ತೆ ಹಾಕಿತು. ರೇಸು ಸತ್ತಿತು. ಕೋಲು ಹಿಂದೆ ಬಂತು.

ಮಣಿಕಂಠ ಬಾಗಿಲಲ್ಲೇ ಮರವಾದ. ಐದು ತಿಂಗಳ ಮಧ್ಯಾಹ್ನಗಳು ಒಂದೊಂದಾಗಿ ಅವನ ಕಣ್ಣೆದುರು ಹಾದುಹೋದವು. ಆಮೇಲೆ ಹೋಗಿ ಕಂಬಳಿಯ ಹಿಂದೆ ನಿಂತ.

ತೆರೆಯ ಮೇಲೆ ಉಕ್ಕಿನ ರಾಕ್ಷಸ ನೆಲಕ್ಕುರುಳಿ ಹೊಗೆ ಕಾರುತ್ತಿದ್ದ. ಅವನ ಎದೆಯ ಮೇಲೆ ಕಾಲಿಟ್ಟು ನಿಂತ ನಾಯಕನ ಹೆಗಲಲ್ಲಿ ಎರಡು ಬಂದೂಕು, ಸೊಂಟದಲ್ಲಿ ಸಿಡಿಮದ್ದು, ಬೆನ್ನಿಗೆ ಆವಿಯ ಯಂತ್ರ. ಮಂತ್ರದ ಅಂಕ ತೋರಿಸುವ ಮನೆಯಲ್ಲಿ ಒಂದು ದುಂಡನೆಯ ಸೊನ್ನೆ.

"ಮಾವ," ಎಂದ ಮಣಿಕಂಠ. ಬೈಯಬೇಕೆಂದಿದ್ದ, ಬಾಯಿಗೆ ಬಂದದ್ದು ಬೇರೆಯೇ ಮಾತು. "ಒಂದ್ ಮಂತ್ರನೂ ತಕ್ಕಂಡಿಲ್ವಲ್ಲ ನೀವು?"

ಮಾದಯ್ಯ ಮೌಸಿನಿಂದ ಕೈ ತೆಗೆಯಲಿಲ್ಲ.

"ನಲವತ್ ವರ್ಸ ಮಂತ್ರ ಆಕೀವ್ನಿ ಕಣ್ಲಾ ಮಣಿ. ಅದ್ರಲ್ಲಿ ಏನೂ ಇಲ್ಲ."