ಒಂದನೇ ಚಾನೆಲ್

ವೈರುಗಳನ್ನು ತಾನೇ ಸಿಕ್ಕಿಸುತ್ತೇನೆಂದು ಶಿಷ್ಯ ಮುಂದೆ ಬಂದಾಗಲೇ ಅಕ್ಕನಿಗೆ ಅನುಮಾನ ಶುರುವಾಯಿತು.

"ನೀವು ಕೂತ್ಕೊಳ್ಳಿ ಅಕ್ಕಾ. ಇವತ್ತು ನುಡಿಸೋದಷ್ಟೇ ನಿಮ್ಮ ಕೆಲಸ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಇಷ್ಟು ವಿನಯ ಒಳ್ಳೆಯದಲ್ಲ ಎಂದುಕೊಂಡು ಅವಳು ಮಂಚದ ಅಂಚಿನಲ್ಲಿ ಕುಳಿತಳು.

ಎಲೆಕ್ಟ್ರಾನಿಕ್ ಸಂಗೀತೋತ್ಸವಕ್ಕೆ ಬಂದವರು ಬಿಡುವಿನ ಮಧ್ಯಾಹ್ನಗಳಲ್ಲಿ ಹೀಗೆ ಯಾರದಾದರೂ ಹೋಟೆಲ್ ಕೋಣೆಯಲ್ಲಿ ಸೇರಿ ನುಡಿಸುತ್ತಾರೆ. ರಾಗ ತಾಳಗಳ ಹಂಗಿಲ್ಲ. ಗೊರಗೊರ, ಕಿರ್ರೋ, ಗುಂಯ್, ಎಲ್ಲಕ್ಕೂ ಸ್ವಾಗತ. ಇವತ್ತು ನಾಲ್ವರಿದ್ದರು: ಅಕ್ಕ, ಶಿಷ್ಯ, ಒಬ್ಬ ಗಡ್ಡದವನು, ಒಬ್ಬಳು ಶಾಲೆಯ ಮೇಡಂ. ಶಿಷ್ಯ ಎಲ್ಲರ ವೈರುಗಳನ್ನೂ ಮಂಚದ ಕೆಳಗಿನಿಂದ ತಂದು ಮಿಕ್ಸರಿಗೆ ಸೇರಿಸಿದ. ಅಡುಗೆಮನೆಯ ಮಿಕ್ಸರಲ್ಲ, ಸದ್ದು ಬೆರೆಸುವುದು; ಒಬ್ಬೊಬ್ಬರ ವೈರಿಗೂ ಒಂದೊಂದು ಚಾನೆಲ್. ಅಲ್ಲಿಂದ ಒಂದೇ ಜೋಡಿ ಸ್ಪೀಕರಿಗೆ. ಹೊರಗಿನವರಿಗೆ ಯಾವ ಸದ್ದು ಯಾರದೆಂದು ತಿಳಿಯದು. ಅಕ್ಕನಿಗೆ ತನ್ನ ಕಿವಿಯ ಮೇಲೆ ಪೂರ್ತಿ ನಂಬಿಕೆ.

ಕೊನೆಯ ದಿನದ ದೊಡ್ಡ ವೇದಿಕೆಯಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಅದಕ್ಕಾಗಿ ಉತ್ಸವದ ಆಯ್ಕೆದಾರ ಶಿಷ್ಯ ನುಡಿಸುವುದನ್ನು ಕೇಳಲು ಬಂದಿದ್ದ. ಅಕ್ಕನ ಅರ್ಜಿಯನ್ನು ವರ್ಷವರ್ಷವೂ ತಳ್ಳಿಹಾಕಿದವನೂ ಆತನೇ. ಇವತ್ತಾದರೂ ಆತ ಒಮ್ಮೆ ತನಗೆ ಕಿವಿಗೊಡಲಿ, ಇಲ್ಲದಿದ್ದರೆ ತಾನು ನುಡಿಸುವ ಈ ಸದ್ದಿನ ಪೆಟ್ಟಿಗೆ ಕಪಾಟು ಸೇರಲಿ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಆಯ್ಕೆದಾರ ಹೆಡ್‌ಫೋನ್ ಹಾಕಿಕೊಂಡ. "ಈ ಗಲಾಟೆ ಬೇಡ ಮಾರಾಯ, ನಿಂದೊಂದೇ ಕೇಳ್ತೀನಿ. ಯಾವ ಚಾನೆಲ್?"

"ಒಂದನೇದು ಕೇಳಿ ಸರ್," ಎಂದ ಶಿಷ್ಯ. ಅಕ್ಕನನ್ನು ಒಮ್ಮೆ ನೋಡಿ ಕಣ್ಣು ತಗ್ಗಿಸಿದ.

ಗುರುವಿಗೇ ತಿರುಮಂತ್ರ. ಅವನ ಪೆಟ್ಟಿಗೆಯನ್ನೂ ಅವಳೇ ಬೆಸುಗೆ ಹಾಕಿ ಕೊಟ್ಟಿದ್ದಳು. ಅವಳದರ ಅವಳಿ ಅದು. ಎರಡರದೂ ಒಂದೇ ಹಟ: ಗುಂಡಿ ತಿರುಗಿಸಿದರೆ ತುಸು ಹೊತ್ತು ಕಾಯಿಸಿಯೇ ಉತ್ತರ ಕೊಡುವುದು. ಆ ತಾಳ್ಮೆ ಕಲಿತವನು ಊರೂರು ಸುತ್ತಿ ಹೆಸರು ಮಾಡಿದ. ಸಂದರ್ಶನಗಳಲ್ಲಿ ಅಕ್ಕನನ್ನು ನೆನೆಯುತ್ತಾನೆಂದು ಜನ ಹೇಳುತ್ತಿದ್ದರು. ಬೂಟಾಟಿಕೆ ಎಂದುಕೊಂಡು ಅವಳು ಓದಲು ಹೋಗಲಿಲ್ಲ.

ಪರದೆ ಎಳೆದು ಶುರುಮಾಡಿದರು. ಗಡ್ಡದವನು ಹಳೆಯ ಟೇಪ್ ರೆಕಾರ್ಡರನ್ನು ಅರಚಿಸಿದ. ಶಾಲೆಯ ಮೇಡಂ ಟೇಬಲ್ ಫ್ಯಾನಿಗೆ ಮೈಕು ಹಿಡಿದಳು. ಸ್ವಲ್ಪ ಹೊತ್ತಿಗೆ ಆ ಗದ್ದಲದ ಅಡಿಯಿಂದ ಒಂದು ದನಿ ಎದ್ದಿತು, ಖಾಲಿ ನೀರಿನ ಟ್ಯಾಂಕಿನೊಳಗೆ ಯಾರೋ ಗುನುಗಿದ ಹಾಗೆ. ಉಳಿದವರ ಕೈ ತಾನಾಗಿ ಮೆತ್ತಗಾಯಿತು. ಆಯ್ಕೆದಾರ ಕಣ್ಣು ಮುಚ್ಚಿ ತಲೆದೂಗಿದ.

ಅಕ್ಕನ ಹೊಟ್ಟೆ ಉರಿಯಿತು. ಇಷ್ಟು ವರ್ಷ ಅವಳು ಹುಡುಕಿದ್ದು ಈ ದನಿಯನ್ನೇ. ತನ್ನ ಗುಂಡಿ ತಿರುಗಿಸಿ ನೋಡಿದಳು, ದನಿ ಕದಲಲಿಲ್ಲ. ಹಾಗಾದರೆ ಅವನದೇ. ಇನ್ನು ಕಾಯಲು ಅವಳಿಂದಾಗಲಿಲ್ಲ.

ಮಿಕ್ಸರ್ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಎಲ್ಲರೂ ಕಣ್ಣು ಮುಚ್ಚಿದ್ದರು. ಕೈ ಚಾಚಿ ಒಂದನೇ ಚಾನೆಲನ್ನು ಪೂರ್ತಿ ಇಳಿಸಿಬಿಟ್ಟಳು. ದನಿ ಸತ್ತುಹೋಯಿತು.

ಆಯ್ಕೆದಾರ ಸ್ವಲ್ಪ ಕಾದು ಹೆಡ್‌ಫೋನ್ ತೆಗೆದ. "ಎಂಥಾ ದನಿ ಅದು. ಆದ್ರೆ ನಡುವೆ ಕೈಬಿಟ್ಟುಬಿಟ್ಯಲ್ಲಪ್ಪ. ದೊಡ್ಡ ವೇದಿಕೆ ಮೇಲೆ ಹೀಗಾದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ? ಬೇರೆಯವರನ್ನ ನೋಡ್ತೀನಿ."

ಆಯ್ಕೆದಾರ ಹೊರಟುಹೋದ. ಉಳಿದಿಬ್ಬರೂ ಸಾಮಾನು ಕಟ್ಟಿಕೊಂಡು ಎದ್ದರು.

ಎಷ್ಟೋ ವರ್ಷಗಳ ಮೇಲೆ ಅಕ್ಕನ ಎದೆ ಹಗುರಾಯಿತು. "ಹೋಗ್ಲಿ ಬಿಡು ಮರಿ," ಎಂದಳು, "ಎಂಥವರ ಕೈಯೂ ಒಂದು ದಿನ ನಡುಗುತ್ತೆ."

ಅವನು ಅವಳ ಕಾಲ ಬಳಿ ಕುಸಿದು ಕುಳಿತ. ಕಣ್ಣು ತುಂಬಿತ್ತು. "ನಿಮ್ಮ ಹೆಸರು ಹೇಳಿದ್ರೆ ಆತ ಕೇಳ್ತಾನೇ ಇರ್ಲಿಲ್ಲ ಅಂತ ಒಂದನೇದಕ್ಕೆ ನಿಮ್ಮ ವೈರ್ ಹಾಕಿದ್ದೆ. ಅಷ್ಟು ಚೆನ್ನಾಗಿ ಬರ್ತಿತ್ತು. ಯಾಕಕ್ಕಾ ನಿಲ್ಲಿಸಿಬಿಟ್ರಿ?"