ಹಗುರವಾದ ಬಂದೂಕು

ವರ್ಲಿನ್ ಬಂದೂಕನ್ನು ಭುಜಕ್ಕೆ ಒತ್ತಿಕೊಂಡ. ಅಂಗಡಿಯಲ್ಲಿ ಅದಕ್ಕಿಂತ ಹಗುರವಾದದ್ದು ಇರಲಿಲ್ಲ. ಆದರೂ ಪಾರ್ಶ್ವವಾಯು ಬಡಿದ ಎಡಗೈ ನಡುಗಿ, ನಳಿಗೆ ಮೆಲ್ಲಗೆ ನೆಲದತ್ತ ಬಾಗಿತು.

“ಇದಕ್ಕಿಂತ ಹಗುರದ್ದು ಅಂದ್ರೆ ಪೊರಕೇನೇ ಕೊಡಬೇಕು,” ಎಂದು ಅಂಗಡಿಯ ಡೆಲ್ ನಕ್ಕ. ವರ್ಲಿನ್ ನಗಲಿಲ್ಲ. ಬಂದೂಕನ್ನು ಹೆಂಡತಿ ಲೋರ್ನಾಳ ಕೈಗಿತ್ತ. “ನೀನು ಹಿಡಿ. ಕರುಗಳ ಕಾಲು ಮುರಿಯೋ ಬಿಲಗಳನ್ನ ತೋಡೋ ಆ ನೆಲದ ಅಳಿಲುಗಳು ನನ್ನ ಕೈ ಸರಿಹೋಗೋವರೆಗೂ ಕಾಯಲ್ಲ.”

ಅಂಗಡಿಯ ಹಿತ್ತಲಲ್ಲಿ ಅವಳು ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣಿಟ್ಟಳು. ವಯೋಮಿಂಗಿನ ಬಯಲು ಕನಸಿನಂತೆ ತೇಲುತ್ತಿತ್ತು. ದೂರದ ತಗಡಿನ ಗುರಿಯೂ ಬಿಸಿಲಲ್ಲಿ ಕರಗುತ್ತಿತ್ತು. “ಹುಲ್ಲೆಲ್ಲ ಹೊಳೆ ಥರ ಹರೀತಿದೆ ಕಣೋ,” ಎಂದು ಪಿಸುಗುಟ್ಟಿದಳು.

“ಅದು ಗಾಳಿ. ಎಡದಿಂದ ಬರ್ತಿದೆ, ಒಂಚೂರು ಎಡಕ್ಕೇ ಗುರಿಯಿಡು. ಉಸಿರು ಬಿಡು,” ಎಂದ ವರ್ಲಿನ್, ಅವಳ ಕಿವಿಯ ಬಳಿ.

ದೂರದಲ್ಲಿ ತಗಡು ಠಣ್ಣೆಂದಿತು.

“ಡೆಲ್,” ವರ್ಲಿನ್ ಕೂಗಿದ, “ಈ ಬಂದೂಕಿನ ಹಿಂಬದಿಯ ಮರದ ಹಿಡೀನ ಒಂದಿಷ್ಟು ಕುಯ್ದುಕೊಡು. ಇವಳ ತೋಳು ಗಿಡ್ಡ.”